ಎರಡು ಬಿಡುವು

ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಬಂದರಿನ ಟವರ್‌ನಲ್ಲಿ ಕೂತು ಹವಾಮಾನ ಓದುವ ಹೆಂಗಸಿನ ಹಗೆಗೆ ಹನ್ನೊಂದು ತುಂಬಿತ್ತು, ಆದರೂ ಅದು ನಿನ್ನೆ ಮೊನ್ನೆಯದರಂತೆ ಹಸಿಯಾಗಿಯೇ ಇತ್ತು. ಹಾಲು ಕಾಯಿಸುವಾಗ, ಬಟ್ಟೆ ಒಣಹಾಕುವಾಗ, ನಾಲ್ಕು ಮಹಡಿಯ ಕಬ್ಬಿಣದ ಮೆಟ್ಟಿಲು ಹತ್ತುವಾಗ ಅವಳು ಅದನ್ನೊಮ್ಮೆ ನೆನೆದುಕೊಳ್ಳುತ್ತಿದ್ದಳು. ನೆನೆಯದ ದಿನ ಊಟ ರುಚಿಸುತ್ತಿರಲಿಲ್ಲ.

ಹಗೆ ಯಾರ ಮೇಲೆ ಎಂಬುದು ಬಂದರಿನಲ್ಲಿ ಗುಟ್ಟೇನಲ್ಲ. ನಲವತ್ತೊಂದನೇ ನಂಬರಿನ ಬೋಟು ನಡೆಸುವವನ ಮೇಲೆ. ಮೀನಿನ ಗುಂಪು ಎಲ್ಲಿ ಅಡಗಿದ್ದರೂ ಅವನ ಕಣ್ಣಿಗೆ ಬೀಳುತ್ತದೆಂದು ಜನ ಅವನನ್ನು ಹದ್ದು ಎಂದು ಕರೆಯುತ್ತಿದ್ದರು, ಹೊಗಳಿಕೆಯಾಗಿ. ಅವಳೂ ಹಾಗೇ ಕರೆಯುತ್ತಿದ್ದಳು, ಹೊಗಳಿಕೆಯಾಗಿ ಅಲ್ಲ.

ಮುಂದಿನದು ತಿಳಿಯಬೇಕಾದರೆ ಆ ಬಂದರಿನ ಬಾಗಿಲು ಎಂಥದೆಂದು ಮೊದಲು ತಿಳಿಯಬೇಕು. ಅಲ್ಲಿ ನದಿಯೊಂದು ಕಡಲು ಸೇರುತ್ತದೆ. ನದಿ ಹೊತ್ತು ತಂದ ಮರಳೆಲ್ಲ ಅಳಿವೆಯ ಬಾಯಲ್ಲೇ ದಿಬ್ಬವಾಗಿ ಕೂತಿದೆ. ಸಾಮಾನ್ಯ ದಿನಗಳಲ್ಲಿ ಆ ದಿಬ್ಬ ಯಾರ ತಂಟೆಗೂ ಬರುವುದಿಲ್ಲ. ದೂರದ ಕಡಲಿಂದ ದೊಡ್ಡ ಅಲೆ ಬಂದ ದಿನ ಮಾತ್ರ ಆ ಅಲೆ ದಿಬ್ಬಕ್ಕೆ ಎಡವಿ, ಎದ್ದು ನಿಂತು, ಮಗುಚಿಕೊಳ್ಳುತ್ತದೆ. ಕೆಳಗೆ ಸಿಕ್ಕ ಬೋಟಿನ ಗತಿ ಅಷ್ಟೇ. ಆದರೆ ದೊಡ್ಡ ಅಲೆಗಳು ಒಂಟಿಯಾಗಿ ಬರುವುದಿಲ್ಲ. ಹತ್ತು ಹನ್ನೆರಡು ಸಾಲಾಗಿ ಬರುತ್ತವೆ, ಆಮೇಲೆ ಒಂದೂವರೆ ಎರಡು ನಿಮಿಷ ಕಡಲು ತಗ್ಗುತ್ತದೆ. ಆ ಹೊತ್ತಿಗೆ ಅಲ್ಲಿನವರು ಬಿಡುವು ಎನ್ನುತ್ತಾರೆ. ಬೋಟಿನ ಮೇಲೆ ನಿಂತವನಿಗೆ ಎದುರಿನ ಅಲೆಯ ಬೆನ್ನು ಬಿಟ್ಟರೆ ಬೇರೇನೂ ಕಾಣದು. ಟವರ್‌ನ ಕಿಟಕಿಯಿಂದ ಹಿಂದಿನ ಸಾಲುಗಳೆಲ್ಲ ಕಾಣುತ್ತವೆ. ಆದ್ದರಿಂದ ಟವರ್‌ನವರು ದುರ್ಬೀನು ಹಿಡಿದು ಅಲೆ ಎಣಿಸಬೇಕು, ಕೊನೆಯದು ಮುರಿದ ಕೂಡಲೇ ವೈರ್‌ಲೆಸ್ಸಿನಲ್ಲಿ ‘ಬಾ’ ಎನ್ನಬೇಕು. ಬೋಟಿನವನು ಹಿಂದೆ ಮುಂದೆ ನೋಡದೆ ನುಗ್ಗಬೇಕು. ಇದಕ್ಕೆ ಎಣಿಕೆ ಕೊಡುವುದು ಎನ್ನುತ್ತಾರೆ. ಒಂದೇ ಒಂದು ಅಕ್ಷರವನ್ನು ನಂಬಿ ಐದಾರು ಜನ ಜೀವ ಒಪ್ಪಿಸುವ ಕೆಲಸ ಬೇರೆ ಎಲ್ಲಿದೆಯೋ ನಾನಂತೂ ಕಾಣೆ.

ಹನ್ನೊಂದು ವರ್ಷದ ಹಿಂದೆ ಆ ದುರ್ಬೀನು ಅವಳ ಅಪ್ಪನ ಕೈಯಲ್ಲಿತ್ತು. ಇಪ್ಪತ್ತಾರು ವರ್ಷ ಎಣಿಕೆ ಕೊಟ್ಟ ಕೈ ಅದು. ಅಂಥದೇ ಅಲೆಯ ಒಂದು ಮಧ್ಯಾಹ್ನ ಹದ್ದಿನ ಬೋಟು ದಿಬ್ಬದ ಮೇಲೆ ಮಗುಚಿ ಮೂವರು ಸತ್ತರು. ಈಜಿ ದಡ ಸೇರಿದವರು ಇಬ್ಬರೇ, ಹದ್ದು ಮತ್ತು ಬೋಟಿನ ಅಡುಗೆಯವನು. ವಿಚಾರಣೆಯಲ್ಲಿ ಹದ್ದು ಎದೆಗೆ ಕೈ ಇಟ್ಟು ಹೇಳಿದ: “ಮೂರು ಸಲ ಕೂಗ್ದೆ ಸಾರ್. ಟವರ್ ಸುಮ್ಮನಿತ್ತು. ಮುದುಕ ನಿದ್ದೆ ಹೊಡೀತಿದ್ದ.” ಅಡುಗೆಯವನು ನೆಲ ನೋಡುತ್ತ ಕೂತಿದ್ದ, ತುಟಿ ಎರಡು ಮಾಡಲಿಲ್ಲ. ದಡದಲ್ಲಿದ್ದ ಬೋಟುಗಳ ವೈರ್‌ಲೆಸ್ ಸೆಟ್ಟುಗಳೆಲ್ಲ ಆಫ್ ಆಗಿದ್ದವು, ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಅಪ್ಪ ‘ಬರಬೇಡ, ನಿಲ್ಲು’ ಎಂದು ಗಂಟಲು ಹರಿಯುವಂತೆ ಕೂಗಿದ್ದನ್ನು ಟವರ್‌ನ ದಿನಚರಿ ಪುಸ್ತಕದಲ್ಲಿ ಬರೆದಿದ್ದರು. ಬರೆದದ್ದು ಅವರದೇ ಕೈಬರಹ. ಅದನ್ನು ಯಾರು ನಂಬುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಪ್ಪನ ಕೆಲಸ ಹೋಯಿತು.

ಹೋದದ್ದು ಕೆಲಸ ಒಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಊರು ಅವರಿಗೆ ನಿದ್ದೆಗಣ್ಣ ಎಂದು ಹೆಸರಿಟ್ಟಿತು. ಸತ್ತವರ ಮನೆಯ ಹೆಂಗಸರು ಬೀದಿಯಲ್ಲಿ ಇವರ ಬಾಗಿಲು ಕಂಡರೆ ಉಗಿದು ಹೋಗುತ್ತಿದ್ದರು. ಅಮ್ಮ ಮಾರುಕಟ್ಟೆಗೆ ಹೋಗುವುದನ್ನು ನಿಲ್ಲಿಸಿದಳು, ಮೂರು ವರ್ಷ ಕೊರಗಿ ಒಂದು ದಿನ ಉಸಿರಾಡುವುದನ್ನೂ ನಿಲ್ಲಿಸಿದಳು. ಮಗಳ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ‘ಯಾರ ಮಗಳು’ ಎಂಬಲ್ಲಿಗೆ ಮುರಿಯಿತು. ಅಪ್ಪ ಮಾತ್ರ ಯಾರನ್ನೂ ಬೈಯಲಿಲ್ಲ. ಬೆಳಿಗ್ಗೆ ಆರಕ್ಕೂ ಮಧ್ಯಾಹ್ನಕ್ಕೂ ಟವರ್ ಹವಾಮಾನ ಓದುವಾಗ ಅಡುಗೆಮನೆಯ ಕಪಾಟಿನ ಮೇಲಿದ್ದ ಹಳೆಯ ಸೆಟ್ಟಿಗೆ ಕಿವಿ ಕೊಟ್ಟು ಕೂರುತ್ತಿದ್ದರು.

“ಅವನನ್ನ ಸುಮ್ನೆ ಬಿಡ್ತೀಯಾ ಅಪ್ಪಾ?” ಎಂದು ಅವಳು ಕೇಳಿದ್ದುಂಟು.

“ನಾನು ಕೂಗಿದ್ದು ನನಗೆ ಗೊತ್ತು. ಅಷ್ಟು ಸಾಕು,” ಎನ್ನುತ್ತಿದ್ದರು.

ಅವಳಿಗೆ ಅಷ್ಟು ಸಾಕಾಗಲಿಲ್ಲ. ಪರೀಕ್ಷೆ ಬರೆದು, ಹಲ್ಲು ಕಚ್ಚಿ, ಅದೇ ಟವರ್‌ನ ಅದೇ ಕುರ್ಚಿಗೆ ಬಂದು ಕೂತಳು. “ಅಪ್ಪ ಗೊರಕೆ ಹೊಡೆದ ಕುರ್ಚಿ, ಮಗಳು ಎಚ್ಚರ ಇರ್ತಾಳಾ ನೋಡಣ,” ಎಂದು ಬಂದರಿನವರು ನಕ್ಕರು. ನಗಲಿ ಎಂದುಕೊಂಡಳು. ಆ ಹೊತ್ತಿಗೆ ಹೊಸ ನಿಯಮ ಬಂದಿತ್ತು. ಅವಳು ಓದಿದ್ದನ್ನು ಪ್ರತಿ ಬೋಟಿನವನೂ ನಂಬರು ಹೇಳಿ ತಿರುಗಿ ಒಪ್ಪಿಸಬೇಕು, ಮತ್ತು ಕೊನೆಯ ಬೋಟು ಒಳಗೆ ಬರುವವರೆಗೆ ಯಾರೂ ಸೆಟ್ಟು ಆರಿಸಬಾರದು. ಉಳಿದವರು ಅರ್ಧಂಬರ್ಧ ಒಪ್ಪಿಸಿದರೆ ಬಿಟ್ಟುಬಿಡುತ್ತಿದ್ದಳು. ಹದ್ದಿಗೆ ಮಾತ್ರ ಒಂದಂಕಿ ತಪ್ಪಿದರೂ, “ನಲವತ್ತೊಂದು, ಮೊದಲಿಂದ ಹೇಳಿ,” ಎನ್ನುತ್ತಿದ್ದಳು. ಇಡೀ ಬಂದರು ಕೇಳುವಂತೆ ಮಗ್ಗಿ ತಪ್ಪಿದ ಹುಡುಗನ ಹಾಗೆ ಅವನು ಮತ್ತೆ ಹೇಳುತ್ತಿದ್ದ. ಅದು ಸಣ್ಣ ಸಂತೋಷ. ಆರು ವರ್ಷ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡಳು.

ಆ ದಿನ ಬೆಳಿಗ್ಗೆ ಆರಕ್ಕೆ ಅವಳು ಓದಿದ್ದು ಇಷ್ಟು: “ಆಕಾಶ ಸ್ವಚ್ಛ. ಗಾಳಿ ಗಂಟೆಗೆ ಎಂಟು ಕಿಲೋಮೀಟರ್. ಐದು ದಿನದ ಹಿಂದೆ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಚಂಡಮಾರುತದ ಅಲೆಗಳು ಇಂದು ಮಧ್ಯಾಹ್ನದ ನಂತರ ನಮ್ಮ ತೀರ ಮುಟ್ಟಲಿವೆ. ಎತ್ತರ ಮೂರೂವರೆ ಮೀಟರ್. ಅಲೆಯಿಂದ ಅಲೆಗೆ ಹದಿನೇಳು ಸೆಕೆಂಡ್. ಎಲ್ಲ ಬೋಟುಗಳೂ ಹನ್ನೆರಡು ಗಂಟೆಯೊಳಗೆ ಬಂದರು ಸೇರತಕ್ಕದ್ದು.”

ಇಂಥ ಅಲೆಯ ಕಿಡಿಗೇಡಿತನವೇ ಇದು. ಐದಾರು ಸಾವಿರ ಕಿಲೋಮೀಟರ್ ಆಚೆ ಯಾವುದೋ ಗಾಳಿ ಎಬ್ಬಿಸಿದ್ದು, ಇಲ್ಲಿ ಎಲೆ ಅಲ್ಲಾಡದ ದಿನ ಬಂದು ಬಡಿಯುತ್ತದೆ. ಬಿಸಿಲು ಹೊಳೆಯುತ್ತಿರುತ್ತದೆ, ಕಡಲು ಎಣ್ಣೆ ಸವರಿದಷ್ಟು ನುಣ್ಣಗಿರುತ್ತದೆ, ಕಣ್ಣು ನಂಬುವುದಿಲ್ಲ. ಆದರೂ ಪುಣ್ಯಾತ್ಮರು ಹನ್ನೆರಡರೊಳಗೆ ಒಬ್ಬೊಬ್ಬರಾಗಿ ಬಂದು ಹಗ್ಗ ಕಟ್ಟಿದರು. ಅರವತ್ತಮೂರು ಬೋಟಿನಲ್ಲಿ ಅರವತ್ತೆರಡಕ್ಕೆ ಅವಳ ಪುಸ್ತಕದಲ್ಲಿ ಗುರುತು ಬಿತ್ತು.

ಉಳಿದದ್ದು ನಲವತ್ತೊಂದು. ಬೇರೆ ಯಾವುದು ಉಳಿದೀತು?

ಮೂರು ಗಂಟೆಗೆ ದಿಬ್ಬದ ಮೇಲೆ ಮೊದಲ ದೊಡ್ಡ ಸಾಲು ಮುರಿಯಿತು. ಸದ್ದಿಗೆ ಟವರ್‌ನ ಗಾಜು ನಡುಗಿ, ಮೇಜಿನ ಮೇಲಿನ ಟೀ ಲೋಟ ಸರಿದಾಡಿತು. ಮೂರೂ ಕಾಲಿಗೆ ಹದ್ದಿನ ದನಿ ಬಂತು.

“ಟವರ್, ನಲವತ್ತೊಂದು. ಬಾಗಿಲಲ್ಲಿದೀನಿ. ಎಣಿಕೆ ಕೊಡಿ.”

ಅವಳು ದುರ್ಬೀನು ಎತ್ತಿದಳು. ಹಸಿರು ಬಣ್ಣದ ಬೋಟು, ಮೀನಿನ ಭಾರಕ್ಕೆ ಕುಗ್ಗಿತ್ತು. ಮೀನಿನದೊಂದೇ ಭಾರವಲ್ಲ, ಹಿಂಭಾಗ ನೀರಿಗೆ ತೀರ ಹತ್ತಿರವಿತ್ತು.

“ನಲವತ್ತೊಂದು, ಹೊರಗೇ ಆಳದಲ್ಲಿ ನಿಲ್ಲಿ. ನಾಳೆ ಬೆಳಿಗ್ಗೆ ಅಲೆ ಇಳಿಯುತ್ತೆ.”

“ನಿಲ್ಲಕ್ಕಾಗಲ್ಲ. ತಳದಲ್ಲಿ ನೀರು ನುಗ್ಗಿದೆ, ಪಂಪು ಕಟ್ಕೊಂಡಿದೆ. ಅಡುಗೆಯವನು ಕೆಳಗಿಳಿದು ಬಿಚ್ತಿದಾನೆ. ಅರ್ಧ ಗಂಟೆ ಮೇಲೆ ಬೋಟು ತಡೆಯಲ್ಲ. ಎಣಿಕೆ ಕೊಡಿ ಮೇಡಂ, ಬೇಗ.”

ಮೇಡಂ! ಆರು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಕೆಳಗೆ ಅರವತ್ತೆರಡು ಬೋಟುಗಳ ಸೆಟ್ಟುಗಳು ಆನ್ ಇದ್ದವು. ಎರಡು ಬೀದಿ ಆಚೆ ಅಡುಗೆಮನೆಯಲ್ಲಿ ಅಪ್ಪ ಕಿವಿಗೊಟ್ಟು ಕೂತಿದ್ದರು. ಇಡೀ ಬಂದರಿನ ಕಿವಿ ತೆರೆದಿರುವಾಗ ಹದ್ದು ಅವಳ ಅಂಗೈಗೆ ಬಂದು ಕೂತಿದ್ದ. ಇಂಥ ಗಳಿಗೆ ಎರಡನೇ ಸಲ ಬರುತ್ತದೆಯೇ? ಅವಳು ಅಲೆ ಎಣಿಸಿದಳು. ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದನೆಯದು ಮುರಿಯಿತು, ಹಿಂದೆ ಕಡಲು ಚಾಪೆ ಹಾಸಿದಂತೆ ಮಟ್ಟಸವಾಯಿತು. ಬಿಡುವು.

ಅವಳು ‘ಬಾ’ ಎನ್ನಲಿಲ್ಲ.

“ನಲವತ್ತೊಂದು, ಒಂದು ಪ್ರಶ್ನೆ. ಹನ್ನೊಂದು ವರ್ಷದ ಹಿಂದೆ, ಇದೇ ಬಾಗಿಲಲ್ಲಿ, ಟವರ್ ಸುಮ್ಮನಿತ್ತಾ?”

ಸೆಟ್ಟಿನಲ್ಲಿ ಬರೀ ಗೊರಗೊರ ಸದ್ದು. ಆಮೇಲೆ, “ಏನಮ್ಮಾ ಇದು, ಈಗ ಆ ಮಾತು ಯಾಕೆ? ಎಣಿಕೆ ಕೊಡಿ!”

“ಕೊಡ್ತೀನಿ. ಮೊದಲು ಹೇಳಿ.”

“ನಾಲ್ಕು ಜನ ಇದೀವಿ ಇಲ್ಲಿ!”

“ಅವತ್ತು ಐದು ಜನ ಇದ್ರಿ.”

ಬಿಡುವು ಮುಗಿಯಿತು. ಹೊಸ ಸಾಲಿನ ಮೊದಲ ಅಲೆ ಬೋಟನ್ನು ಎತ್ತಿ ದಿಬ್ಬದ ಕಡೆಗೆ ಒಂದಷ್ಟು ತಳ್ಳಿತು. ಹದ್ದು ಬೈದ. ಅವಳ ಅಪ್ಪನನ್ನು ಬೈದ, ಅವಳನ್ನು ಬೈದ, ಕೆಲಸ ತೆಗೆಸುತ್ತೇನೆ ಎಂದ. ಬೈಗುಳ ಕೇಳಲು ಅವಳಿಗೆ ಹಿತವಾಗಿತ್ತು. ಅವಳು ಎಣಿಸುತ್ತಲೇ ಇದ್ದಳು. ಕುತ್ತಿಗೆಗೆ ಬಂದಾಗಲೂ ಬಗ್ಗದವನು ಎಷ್ಟು ಹೊತ್ತು ಬಗ್ಗದಿರುತ್ತಾನೆ ಎಂದು ನೋಡುವ ಆಸೆ ಅವಳಿಗೆ. ಮನುಷ್ಯರಿಗೆ ಅಂಥ ಆಸೆ ಬರಬಾರದು, ಬಂದಾಗ ಅದಕ್ಕಿಂತ ಸಿಹಿಯಾದದ್ದು ಬೇರೊಂದಿಲ್ಲ.

ಎರಡನೇ ಬಿಡುವು ಬಂತು. ಮೊದಲನೆಯದಕ್ಕಿಂತ ಉದ್ದದ್ದು. ಎರಡು ನಿಮಿಷಕ್ಕೂ ಮೇಲೆ ಇತ್ತು, ಎರಡು ಬೋಟು ದಾಟಬಹುದಿತ್ತು.

“ಟವರ್! ಈಗ ತಗ್ಗಿದ ಹಾಗಿದೆ, ಬರ್ಲಾ? ಬರ್ಲಾ ಹೇಳಿ!”

ಅವಳು ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಎಣಿಕೆ ಇಲ್ಲದೆ ನುಗ್ಗುವ ಧೈರ್ಯ ಅವನಿಗೆ ಹನ್ನೊಂದು ವರ್ಷದ ಹಿಂದೆಯೇ ಹೋಗಿತ್ತು. ಗಡಿಯಾರದ ಮುಳ್ಳು ಸುತ್ತಿತು. ಆಚೆ ಹೊಸ ಸಾಲಿನಲ್ಲಿ ದೊಡ್ಡದೊಂದು ಬೆನ್ನೆತ್ತುತ್ತಿತ್ತು. ಅದು ಬಂದು ಬೋಟಿನ ಪಕ್ಕೆಗೆ ಬಡಿಯಿತು. ಬೋಟು ವಾಲಿತು, ಮತ್ತೆ ನೆಟ್ಟಗಾಯಿತು. ಸೆಟ್ಟಿನಲ್ಲಿ ಯಾರೋ ಕಿರುಚಿದರು. ಅದು ಹದ್ದಿನ ದನಿಯಲ್ಲ.

“ಅಡುಗೆಯವನ ಕೈ! ತಳದ ಮುಚ್ಚಳ ಬಿದ್ದು ಕೈ ಜಜ್ಜಿಹೋಯ್ತು!” ಹದ್ದು ಅಳುತ್ತಿದ್ದ. “ಹೇಳ್ತೀನಿ, ಹೇಳ್ತೀನಿ ಕಣಮ್ಮಾ! ಅವತ್ತು ನಾನು ಚಾನೆಲ್ ತಿರುಗ್ಸಿಟ್ಟಿದ್ದೆ. ಮೀನಿರೋ ಜಾಗ ಬೇರೆಯವರಿಗೆ ಗೊತ್ತಾಗಬಾರ್ದು ಅಂತ. ಬಾಗಿಲಿಗೆ ಬಂದಾಗ ವಾಪಸ್ ತಿರುಗ್ಸಕ್ಕೆ ಮರೆತೆ. ಕೂಗಿದ್ದು ಬೇರೆ ಚಾನೆಲ್ಲಲ್ಲಿ. ನಿಮ್ಮಪ್ಪ ಸುಮ್ಮನಿರ್ಲಿಲ್ಲ. ನಂಗೆ ಕೇಳಿಸ್ಲಿಲ್ಲ ಅಷ್ಟೇ. ದಡಕ್ಕೆ ಬಂದ ಮೇಲೆ ನೆನಪಾಯ್ತು, ಬಾಯಿ ಮುಚ್ಕೊಂಡೆ. ಸಾಕಾ? ಸಾಕಾ?”

ಮೂರು ಜನರ ಸಾವು, ಅಮ್ಮನ ಸಾವು, ಒಬ್ಬ ಮನುಷ್ಯನ ಹನ್ನೊಂದು ವರ್ಷ, ಎಲ್ಲ ಒಂದು ಗುಂಡಿ ತಿರುಗಿಸಲು ಮರೆತದ್ದಕ್ಕೆ. ಅವಳಿಗೆ ನಗು ಬಂತೋ ಅಳು ಬಂತೋ, ಕಣ್ಣಂತೂ ಮಂಜಾಯಿತು. ಒರೆಸಿಕೊಂಡು ಎಣಿಸಿದಳು. ಎಂಟು, ಒಂಬತ್ತು, ಹತ್ತು.

“ಬಾ,” ಎಂದಳು.

ಹಸಿರು ಬೋಟು ಅಳಿವೆಯ ಬಾಗಿಲು ದಾಟಿ ಒಳಗೆ ಬಂತು. ಅದರ ಹಿಂದೆಯೇ ಕಡಲು ಮತ್ತೆ ಮುರಿಯಿತು.

ಸಂಜೆ ಅವಳು ಮನೆ ಮುಟ್ಟುವಷ್ಟರಲ್ಲಿ ಬೀದಿ ತುಂಬ ಚಪ್ಪಲಿ. ಬೋಟಿನವರು, ಬಲೆ ಹೆಣೆಯುವವರು, ಹನ್ನೊಂದು ವರ್ಷ ಆ ಬಾಗಿಲಿಗೆ ಉಗಿದ ಹೆಂಗಸರು, ಎಲ್ಲರೂ ಒಳಗೆ ತುಂಬಿದ್ದರು. ಒಬ್ಬ ಮುದುಕಿ ಅಪ್ಪನ ಕೈ ಹಿಡಿದು, “ತಪ್ಪಾಯ್ತು ಯಜಮಾನ್ರೇ, ನನ್ನ ಮಗ ಹೋದ ಸಂಕಟದಲ್ಲಿ ಏನೇನೋ ಅಂದೆ,” ಎಂದು ಅತ್ತಳು. ಅಪ್ಪ ಅವಳ ತಲೆ ಸವರಿದರು. ಊರ ಬಾಯಿಗೆ ಮುಚ್ಚಳವಿಲ್ಲ, ಅದು ಎಷ್ಟು ಸಲೀಸಾಗಿ ಬೈಯಿತೋ ಅಷ್ಟೇ ಸಲೀಸಾಗಿ ಹೊಗಳಿತು. ಮಗಳು ಗೋಡೆಗೆ ಒರಗಿ ನಿಂತು ಒಂದೊಂದೇ ಮುಖ ನೋಡಿದಳು. ಗೆದ್ದೆ ಎಂದುಕೊಂಡಳು. ಯಾಕೆ ಅಂದುಕೊಳ್ಳಬಾರದು?

ಎಲ್ಲರೂ ಹೋದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು. “ಅಡುಗೆಯವನ ಕೈ ಹೇಗಿದೆ?”

“ಮೂರು ಬೆರಳು ತೆಗೆದ್ರಂತೆ,” ಎಂದಳು. “ಅವತ್ತು ಬಾಯಿ ಮುಚ್ಕೊಂಡು ಕೂತವನೇ ಅಲ್ವಾ ಅವನೂ. ಮಾಡಿದ್ದುಣ್ಣೋ ಮಹರಾಯ.”

ಅಪ್ಪ ಎದ್ದು ಹೋಗಿ ಮಲಗಿದರು. ಮುಂದಿನ ವಾರವೆಲ್ಲ ‘ಊಟ ಆಯ್ತಾ’ ಎಂಬುದರ ಮೇಲೆ ಒಂದು ಮಾತು ಹೆಚ್ಚಾಡಲಿಲ್ಲ. ಇಷ್ಟು ವರ್ಷದ ಭಾರ ಇಳಿದಿದೆ, ಮಾತು ಬರುತ್ತಿಲ್ಲ ಎಂದು ಅವಳು ತಿಳಿದಳು.

ಹದ್ದು ಸುಮ್ಮನಿರುವ ಪೈಕಿಯಲ್ಲ. ಟವರ್ ಬೇಕೆಂದೇ ತನ್ನನ್ನು ಹೊರಗೆ ನಿಲ್ಲಿಸಿತು ಎಂದು ದೂರು ಕೊಟ್ಟ. ಎಂಟನೇ ದಿನ ಮೇಲಿನ ಕಚೇರಿಯಿಂದ ಕನ್ನಡಕದ ಅಧಿಕಾರಿಯೊಬ್ಬರು ಬಂದು ಬಂದರು ಕಚೇರಿಯ ಉದ್ದನೆಯ ಕೋಣೆಯಲ್ಲಿ ವಿಚಾರಣೆಗೆ ಕೂತರು. ಜನ ಕಿಟಕಿಯವರೆಗೂ ನಿಂತಿದ್ದರು. ಅಪ್ಪ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತರು.

“ಅವತ್ತು ಟವರ್ ತಡ ಮಾಡ್ತಾ?” ಎಂದು ಅಧಿಕಾರಿ ಒಬ್ಬೊಬ್ಬ ಬೋಟಿನವನನ್ನೂ ಕೇಳಿದರು.

“ಇಲ್ಲ ಸಾರ್. ಬಿಡುವು ಸಿಕ್ಕಿದ ತಕ್ಷಣ ಬಾ ಅಂದ್ರು.”

“ಮಧ್ಯದಲ್ಲಿ ಏನೋ ಪ್ರಶ್ನೆ ಕೇಳಿದ್ರಂತೆ?”

“ಅದು ಕೇಳಿಸ್ಲಿಲ್ಲ ಸಾರ್, ಗೊರಗೊರ ಅಂತಿತ್ತು.”

“ಮತ್ತೆ ಇವರು ತಪ್ಪೊಪ್ಪಿಕೊಂಡಿದ್ದು?”

“ಅದು ಗಂಟೆ ಹೊಡೆದ ಹಾಗೆ ಕೇಳಿಸ್ತು ಸಾರ್.”

ಕೋಣೆಯೆಲ್ಲ ನಕ್ಕಿತು. ಹದ್ದು ಕೆಂಪಗಾಗಿ ಎದ್ದು ನಿಂತ, ಕೂತ. ಹನ್ನೊಂದು ವರ್ಷದ ಹಿಂದೆ ಇದೇ ಕೋಣೆ ಅವನ ಸುಳ್ಳನ್ನು ನುಂಗಿತ್ತು. ಈಗ ಅವನ ನಿಜವನ್ನು ಉಗಿಯುತ್ತಿತ್ತು. ಇದಕ್ಕಿಂತ ಚೆನ್ನಾದ ಸೇಡನ್ನು ಅವಳೇ ಕೂತು ಹೆಣೆದಿದ್ದರೂ ಹೆಣೆಯಲು ಆಗುತ್ತಿರಲಿಲ್ಲ.

ಕೊನೆಗೆ ಅಡುಗೆಯವನು ಬಂದ. ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಬೋಟಿನಲ್ಲಿದ್ದವನು, ಬೆರಳು ಕಳೆದುಕೊಂಡವನು, ಅವನ ಮಾತಿಗೆ ತೂಕ ಹೆಚ್ಚು. ಅವನು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದ.

“ಅಲೆ ಹೊಡೀತು, ಮುಚ್ಚಳ ಬಿತ್ತು ಸಾರ್,” ಎಂದ. “ಟವರ್‌ದು ಏನೂ ತಪ್ಪಿಲ್ಲ. ಅವತ್ತೂ ಇರ್ಲಿಲ್ಲ. ಅವತ್ತು ನಾನು ಹೇಳ್ಬೇಕಿತ್ತು, ಚಾನೆಲ್ ತಿರುಗಿದ್ದು ಕಣ್ಣಾರೆ ನೋಡಿದ್ದೆ. ಹೊಟ್ಟೆಪಾಡು, ಹೇಳ್ಲಿಲ್ಲ. ಈಗ ಹೇಳ್ತಿದೀನಿ.”

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ಆಗ ಹಿಂದಿನ ಬೆಂಚು ಕಿರ್ ಎಂದಿತು.

“ನಾನೂ ಒಂದು ಮಾತು ಹೇಳ್ಬೇಕು,” ಎಂದರು ಅಪ್ಪ.

“ತಾವು?”

“ಇದೇ ಟವರ್‌ನಲ್ಲಿ ಇಪ್ಪತ್ತಾರು ವರ್ಷ ಎಣಿಕೆ ಕೊಟ್ಟವನು. ಇವಳ ಅಪ್ಪ.”

ಜನ ಜಾಗ ಬಿಟ್ಟರು. ಅಪ್ಪ ನಿಧಾನವಾಗಿ ನಡೆದು ಬಂದು, ಅಂದು ನಿಂತಿದ್ದ ಜಾಗದಲ್ಲೇ ಮೇಜಿನ ಮುಂದೆ ನಿಂತರು. ಧನ್ಯವಾದ ಹೇಳುತ್ತಾರೆ ಎಂದು ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು.

“ಅವತ್ತು ಇಲ್ಲೇ ನಿಂತು, ಟವರ್ ಸುಮ್ಮನಿರ್ಲಿಲ್ಲ ಅಂತ ಗೋಗರೆದೆ. ಯಾರೂ ನಂಬ್ಲಿಲ್ಲ. ಆದ್ರೂ ನಾನು ತಲೆ ಎತ್ಕೊಂಡೇ ಇದ್ದೆ, ಯಾಕಂದ್ರೆ ಅದು ನಿಜ ಆಗಿತ್ತು. ಬೋಟು ಕೇಳ್ತಿರುವಾಗ ನಮ್ಮ ಟವರ್ ಯಾವತ್ತೂ ಸುಮ್ಮನಿದ್ದಿಲ್ಲ ಸಾರ್.” ಅಪ್ಪ ಮಗಳ ಕಡೆ ನೋಡಲಿಲ್ಲ. “ಮೊನ್ನೆ ಇತ್ತು. ಎರಡು ಬಿಡುವು. ಮೊದಲನೇದು ಒಂದೂವರೆ ನಿಮಿಷ, ಎರಡನೇದು ಎರಡು ನಿಮಿಷದ ಮೇಲೆ. ಮನೇಲಿ ಅಲೆ ಮುರಿಯೋ ಸದ್ದು ಕೇಳ್ತಾ, ಗಡಿಯಾರ ನೋಡ್ತಾ ಕೂತಿದ್ದೆ. ಎರಡನೇದರಲ್ಲಿ ಬಾ ಅಂದಿದ್ರೆ ಇವನ ಬೆರಳು ಉಳೀತಿತ್ತು. ಇವರೆಲ್ಲ ನನ್ನ ಮೇಲಿನ ಮರುಕಕ್ಕೆ ಸುಳ್ಳು ಹೇಳ್ತಿದಾರೆ. ಬೇಡ.”

ಸಾಕ್ಷಿ ಹೇಳಿದ ಬೋಟಿನವರು ನೆಲ ನೋಡಿದರು. ಹದ್ದು ಕೂಡ ತಲೆ ತಗ್ಗಿಸಿದ. ಹದ್ದಿನ ಮೇಲೆ ಹನ್ನೊಂದು ವರ್ಷ ಇಟ್ಟುಕೊಂಡಿದ್ದ ಹಗೆಯಷ್ಟೂ ಒಂದು ಗಳಿಗೆ ಇಸ್ತ್ರಿ ಅಂಗಿಯ ಆ ಮುದುಕನ ಮೇಲೆ ತಿರುಗಿತು.

“ಅಪ್ಪಾ,” ಎಂದಳು, “ಎಲ್ಲ ನಿನಗೋಸ್ಕರ ಮಾಡಿದ್ದಲ್ವಾ?”

ಅಪ್ಪ ಅವಳ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

“ಹೌದು ಕಣಮ್ಮಾ,” ಎಂದರು. ಆಮೇಲೆ ಅಧಿಕಾರಿಗೆ ಹೇಳಿದರು, “ಅದನ್ನೂ ಬರ್ಕೊಳ್ಳಿ ಸಾರ್. ನನಗೋಸ್ಕರ ಮಾಡಿದಳು.”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು.